ಶಿಸ್ತಿನ ತಂಡದ ಲೆಫ್ಟ್ ಕಾರ್ನರ್

ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ ಮೊನ್ನೆ ತೆಕ್ಕಟ್ಟೆಯಲ್ಲಿ ಮತ್ತೆ ಮೂಗಿಗೆ ಬಡಿಯಿತು. ಹುಡುಗಿಯರ ಅಂತರ ಕಾಲೇಜು ಕಬಡ್ಡಿ ನಡೆಯುತ್ತಿತ್ತು. ನಾನು ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡು, ಬಹುಮಾನ ಕೊಡುವ ಅತಿಥಿಯಾಗಿ ಕುಳಿತಿದ್ದೆ. ಕೆಳಗೆ, ಮ್ಯಾಟಿನ ಪಕ್ಕದಲ್ಲಿ, ಸೆಮಿಫೈನಲ್ ಸೋತ ತಂಡದ ಹುಡುಗಿಯೊಬ್ಬಳು ಕಾಲು ಚಾಚಿ ಕುಳಿತು, ಕೆಮ್ಮಿನ ಔಷಧಿಯ ಹಳೆಯ ಬಾಟಲಿಯಿಂದ ಎಣ್ಣೆ ಸುರಿದುಕೊಂಡು ಪಾದದ ಗಂಟಿಗೆ ತಿಕ್ಕುತ್ತಿದ್ದಳು. ಈಗ ಎಲ್ಲ ತಂಡಗಳ ಬ್ಯಾಗಿನಲ್ಲೂ ನೋವಿನ ಸ್ಪ್ರೇ ಇರುತ್ತದೆ. ಆ ಎಣ್ಣೆಯನ್ನು ನಾನು ಕಂಡು ಎಷ್ಟೋ ವರ್ಷವಾಗಿತ್ತು… ನಮ್ಮ ಕಾಲದಲ್ಲಿ ಅದನ್ನು ಅಂಥದೇ ಬಾಟಲಿಯಲ್ಲಿ ತರುತ್ತಿದ್ದವಳು ಅಕ್ಕ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಾನು ಹಾಲಾಡಿ ಕಡೆಯಿಂದ ಬಸ್ಸು ಬದಲಿಸಿಕೊಂಡು ಬ್ರಹ್ಮಾವರದ ಕಾಲೇಜಿಗೆ ಸೇರಿದ ವರ್ಷ ಅವಳು ಎರಡನೇ ಬಿ.ಎ.ಯಲ್ಲಿದ್ದಳು. ಕಬಡ್ಡಿ ತಂಡದ ಲೆಫ್ಟ್ ಕಾರ್ನರ್. ಅಂದರೆ ಸಾಲಿನ ಎಡ ತುದಿಯಲ್ಲಿ ನಿಂತು, ದಾಳಿಗೆ ಬಂದವಳ ಕಾಲು ಹಿಡಿಯುವವಳು. ತಂಡದ ಕಿರಿಯರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದೆವು, ಕೊನೆಕೊನೆಗೆ ಪಿ.ಟಿ. ಸರ್ ಕೂಡ "ಅಕ್ಕ ಬಂತಾ?" ಎಂದೇ ಕೇಳುತ್ತಿದ್ದರು. ಅವಳ ಅಮ್ಮ ಬ್ರಹ್ಮಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದರು. ಮನೆ ಕಡಲ ಬದಿಯಲ್ಲಿ.

ಅವಳ ಹಿಡಿತದ ಬಗ್ಗೆ ಹೇಳಲೇಬೇಕು. ನಾವೆಲ್ಲ ಎದುರಾಳಿಯ ಕೈ ನೋಡಿ ಬೆದರುತ್ತಿದ್ದೆವು. ಅವಳು ಮಾತ್ರ ತಲೆ ತಗ್ಗಿಸಿ ನೆಲವನ್ನೇ ನೋಡುತ್ತಿದ್ದಳು. ರೈಟ್ ಕಾರ್ನರಿನಲ್ಲಿ ನಿಂತ ನನಗೆ ದಿನವೂ ಬೈಗುಳ.

"ಕೈ ಕಾಣ್ಬೇಡ ಹೆಣೆ, ಕಾಲ್ ಕಾಣ್. ಕೈ ಸುಳ್ಳ್ ಹೇಳ್ತ್, ಕಾಲ್ ಹೇಳುದಿಲ್ಲೆ."

ಹಿಡಿದ ಕಾಲನ್ನು ಅವಳು ಬಿಟ್ಟದ್ದನ್ನು ನಾನು ಕಂಡಿಲ್ಲ. ಮಣ್ಣಿನ ಅಂಗಣದಲ್ಲಿ ಮೊಣಕೈ ತರಚಿ ರಕ್ತ ಬಂದರೂ ಬಿಡುತ್ತಿರಲಿಲ್ಲ. ಆಟ ಮುಗಿದ ಮೇಲೆ ಅದೇ ಕೈಯಲ್ಲಿ ಬಾಟಲಿ ತೆಗೆದು ಎಲ್ಲರ ಕಾಲಿಗೂ ಎಣ್ಣೆ ತಿಕ್ಕುತ್ತಿದ್ದಳು, ಕೆಲವೊಮ್ಮೆ ಎದುರು ತಂಡದವರ ಕಾಲಿಗೂ.

ಇಷ್ಟಿದ್ದೂ ನಮ್ಮದು ಸೋಲುವ ತಂಡ. ಅಕ್ಕನನ್ನು ಬಿಟ್ಟರೆ ಉಳಿದವರೆಲ್ಲ ಪಿ.ಟಿ. ಸರ್ ಕ್ಲಾಸಿಗೆ ಬಂದು ಕಾಡಿ ಬೇಡಿ ಸೇರಿಸಿದವರು. ನಮ್ಮ ದಾಳಿಗಾರ್ತಿ ಗೆರೆ ದಾಟಿ ಹೋದರೆ ತಿರುಗಿ ಬರುತ್ತಾಳೆಂಬ ನಂಬಿಕೆ ಅವಳಿಗೇ ಇರಲಿಲ್ಲ. ಹಾಗಾಗಿ ಹೋದಲ್ಲೆಲ್ಲ ನಮಗೆ ಒಂದೇ ಬಹುಮಾನ, 'ಶಿಸ್ತಿನ ತಂಡ'. ನಮ್ಮ ಕಡೆ ಕಬಡ್ಡಿ ನೋಡಿದವರಿಗೆ ಇದು ಗೊತ್ತು. ಸೋತು, ರೆಫರಿಯ ಹತ್ತಿರ ಜಗಳ ಮಾಡದೆ, ಕೊನೆಯವರೆಗೆ ಕಾದು ಕೂತವರಿಗೆ ಸಮಾಧಾನಕ್ಕೊಂದು ಫಲಕ. ಕಾಲೇಜಿನ ಕಪಾಟಿನಲ್ಲಿ ಅಂಥವು ಸಾಲಾಗಿ ನಿಂತಿದ್ದವು. ನೋಡಿದವರು ನಾವು ಕಬಡ್ಡಿ ಆಡುತ್ತೇವೋ, ಕೈಕಟ್ಟಿ ಕೂರುವ ಸ್ಪರ್ಧೆಗೆ ಹೋಗುತ್ತೇವೋ ಎಂದು ಕೇಳಬೇಕು.

ಅಕ್ಕನಿಗೆ ಬೇಕಾಗಿದ್ದದ್ದು ಬೇರೆ. ಅಂತರ ಕಾಲೇಜು ಪಂದ್ಯದಲ್ಲಿ 'ಉತ್ತಮ ಹಿಡಿತಗಾರ್ತಿ' ಎಂದು ಸರ್ಟಿಫಿಕೇಟ್ ಬಂದರೆ ಯೂನಿವರ್ಸಿಟಿ ಕ್ಯಾಂಪಿಗೆ ಹೆಸರು ಹೋಗುತ್ತಿತ್ತು. ಯೂನಿವರ್ಸಿಟಿಗೆ ಆಡಿದರೆ ಕ್ರೀಡಾ ಕೋಟಾದಲ್ಲಿ ಕೆಲಸ. ಅವಳ ತಲೆಯಲ್ಲಿದ್ದದ್ದು ಪೊಲೀಸ್ ಕೆಲಸ. "ಖಾಕಿ ಹಾಕಂಡ್ ಮಾರ್ಕೆಟಿಗ್ ಬತ್ತೆ ಕಾಣ್, ಅಮ್ಮ ಮೀನ್ ಕೊಚ್ಚುದ್ ಬಿಟ್ಟ್ ಎದ್ದ್ ನಿಲ್ಕ್" ಎಂದು ನಗುತ್ತಿದ್ದಳು. ತಮಾಷೆಯ ದನಿ, ಆದರೆ ಆಸೆ ನಿಜವಾದದ್ದೇ.

ಆ ವರ್ಷ ಪಂದ್ಯ ಕುಂದಾಪುರದಲ್ಲಿ. ಅಕ್ಕ ಒಬ್ಬಳೇ ನಮ್ಮನ್ನು ಸೆಮಿಫೈನಲ್ಲಿನ ತನಕ ಎಳೆದುಕೊಂಡು ಹೋದಳು ಎಂದರೆ ಉತ್ಪ್ರೇಕ್ಷೆಯಲ್ಲ. ಸೆಮಿಫೈನಲ್ಲಿನಲ್ಲಿ ಹೆಸರಾಂತ ದೊಡ್ಡ ಕಾಲೇಜಿನ ವಿರುದ್ಧ ಒಂದೇ ಅಂಕದಲ್ಲಿ ಸೋತೆವು. ಅವರ ನಂಬರ್ ಒನ್ ದಾಳಿಗಾರ್ತಿಯನ್ನು ಅಕ್ಕ ಎಷ್ಟು ಸಲ ಕೆಡವಿದಳೆಂದರೆ, ಕೊನೆಗೆ ಆಕೆ ಎಡಗಡೆಗೆ ಸುಳಿಯುವುದನ್ನೇ ಬಿಟ್ಟಿದ್ದಳು. ಮೈಕಿನವನು ಕೂಗಿದ್ದೂ ಅಕ್ಕನ ಹೆಸರನ್ನೇ. ಸಂಜೆ ಬಹುಮಾನ ಹಂಚುವಾಗ ಉತ್ತಮ ಹಿಡಿತಗಾರ್ತಿಯ ಕಪ್ ಫೈನಲ್ ಆಡಿದ ತಂಡದ ಯಾರೋ ಒಬ್ಬಳಿಗೆ ಹೋಯಿತು. ನಮಗೆ ಎಂದಿನಂತೆ ಶಿಸ್ತು. ಫಲಕ ತೆಗೆದುಕೊಳ್ಳಲು ಕ್ಯಾಪ್ಟನ್ ಅಂತ ಹೋದವಳೂ ಅಕ್ಕನೇ.

ಬಸ್ಸಿನಲ್ಲಿ ಅವಳು ಪಿ.ಟಿ. ಸರ್ ಹತ್ತಿರ ಒಂದೇ ಮಾತು ಕೇಳಿದಳು. "ಸರ್, ನಾನ್ ಎಲ್ಲ್ ತಪ್ಪಿದೆ?"

"ತಪ್ಪಿದ್ದ್ ನೀನಲ್ಲ, ನಿನ್ ಟೀಮ್" ಎಂದರು ಸರ್. "ಗೆಲ್ಲು ಟೀಮಗಿದ್ರೆ ಇವತ್ತ್ ಆ ಕಪ್ ನಿನ್ ಕೈಯಗೆ ಇರ್ತಿತ್."

ಹಿಂದಿನ ಸೀಟಿನಲ್ಲಿ ನಾವೆಲ್ಲ ಕೂತಿದ್ದೆವು. ಸರ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನಮಗೆ ಹೆಚ್ಚು ಉರಿದದ್ದು.

ದೊಡ್ಡ ಕಾಲೇಜಿನವರು ಆಮೇಲೆ ಅವಳ ಮನೆಗೇ ಬಂದರು. ಫೀಸಿಲ್ಲ, ಹಾಸ್ಟೆಲು ಊಟ ಎಲ್ಲ ಅವರದೇ. ಸರ್ ತಾವಾಗಿಯೇ ಟಿ.ಸಿ. ಮಾಡಿಸಿಕೊಟ್ಟರು. ಹೊರಡುವ ದಿನ ಅಕ್ಕ ಎಣ್ಣೆಯ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಖಾಲಿ ಆರೆ ಅಮ್ಮನ್ ಹತ್ರ ಕೇಳ್, ಮಾಡಿ ಕೊಡ್ತ್ರ್" ಎಂದಳು. ನಮ್ಮಲ್ಲಿ ಒಂದಿಬ್ಬರು ಅವಳ ಬೆನ್ನ ಹಿಂದೆ ಏನೇನೋ ಆಡಿಕೊಂಡರು, ಗೆಲ್ಲುವವರ ಬಾಲ ಹಿಡಿದಳು ಎಂದರು. ಅವಳು ಹೋಗಿದ್ದು ಸರಿಯೆಂದೇ ನನಗನ್ನಿಸಿತ್ತು. ಈಗಲೂ ಅವಳ ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಮರುವರ್ಷ ಆದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಯಾರಿಗೆ ಯಾರು ಎದುರು ಎಂದು ಚೀಟಿ ಎತ್ತಿದಾಗ ಬಲವಾದ ತಂಡಗಳೆಲ್ಲ ಆಚೆ ಕಡೆ, ನಮ್ಮಂಥವರೆಲ್ಲ ಈಚೆ ಕಡೆ ಬಿದ್ದರು. ನಮ್ಮಷ್ಟೇ ಸಪ್ಪೆಯಾದ ಒಂದು ತಂಡವನ್ನು ಕಷ್ಟಪಟ್ಟು ಸೋಲಿಸಿದೆವು. ಸೆಮಿಫೈನಲ್ಲಿನಲ್ಲಿ ಎದುರಿನವರ ಇಬ್ಬರ ಬಳಿ ಐ.ಡಿ. ಕಾರ್ಡ್ ಇಲ್ಲವೆಂದು ಜಗಳವಾಗಿ, ಅವರು ಸಿಟ್ಟಿನಿಂದ ಅಂಗಣ ಬಿಟ್ಟು ಹೋದರು. ವಾಕ್‌ಓವರ್. ಅಕ್ಕ ಇಲ್ಲದ ವರ್ಷ ನಾವು ಫೈನಲ್ಲಿಗೆ ಬಂದೆವು, ಅದೂ ಅಕ್ಕನ ಹೊಸ ಕಾಲೇಜಿನ ವಿರುದ್ಧ!

ಆ ಫೈನಲ್ ಒಂದು ಆಟವೇ ಅಲ್ಲ. ನಮ್ಮವರು ಒಬ್ಬೊಬ್ಬರೇ ಹೋಗಿ ಅಕ್ಕನ ಕೈಗೆ ಕಾಲು ಕೊಟ್ಟು ಬಂದಂತಾಯಿತು. ನಾನು ಇಡೀ ಪಂದ್ಯದಲ್ಲಿ ಹಿಡಿದದ್ದು ಒಂದೇ ಒಂದು, ಅದೂ ಅವರ ದಾಳಿಗಾರ್ತಿ ಕಾಲು ಜಾರಿ ನನ್ನ ಮೇಲೆಯೇ ಬಿದ್ದದ್ದು. ಸೀಟಿ ಊದಿದ ಮೇಲೆ ಅಕ್ಕ ಬಂದು ನನ್ನ ತಲೆಗೆ ಮೊಟಕಿ, "ಮತ್ತೂ ಕೈಯೇ ಕಾಣ್ತಿ ಅಲ್ದಾ!" ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಈ ಸಲ ಗೆದ್ದ ತಂಡದಲ್ಲಿದ್ದಳು, ಎಲ್ಲರಿಗಿಂತ ಹೆಚ್ಚು ಹಿಡಿದಿದ್ದಳು. ಇನ್ನೇನು ಬೇಕು?

ನಮಗೆ ಗೊತ್ತಿಲ್ಲದ್ದು ಒಂದಿತ್ತು. ಬಹುಮಾನದ ಪಾಲು ಬೆಳಿಗ್ಗೆಯೇ ಆಗಿಹೋಗಿತ್ತು. ಗೆದ್ದವರಿಗೆ ಸವ್ಯಸಾಚಿ, ಅಂದರೆ ಆಲ್‌ರೌಂಡರ್, ಮತ್ತು ಉತ್ತಮ ದಾಳಿಗಾರ್ತಿ. ರನ್ನರ್ಸ್ ಬರಿಗೈಲಿ ಹೋಗಬಾರದಲ್ಲ, ಅದಕ್ಕೆ ಉತ್ತಮ ಹಿಡಿತಗಾರ್ತಿ ಅವರ ಪಾಲು. ಮದುವೆ ಮನೆಯಲ್ಲಿ ಬೀಗರ ಪಂಕ್ತಿಗೆ ಇಂತಿಷ್ಟು ಎಂದು ಹೋಳಿಗೆ ಎತ್ತಿಟ್ಟ ಹಾಗೆ. ಯಾರು ಹಿಡಿದರು, ಯಾರು ಬಿಟ್ಟರು ಎಂದು ನೋಡುವ ತಾಪತ್ರಯವೇ ಇಲ್ಲ.

ಮೈಕಿನಲ್ಲಿ "ಪಂದ್ಯಾವಳಿಯ ಉತ್ತಮ ಹಿಡಿತಗಾರ್ತಿ…" ಎಂದು ಎಳೆದು ನಿಲ್ಲಿಸಿದರು. ಗೆದ್ದವರ ಸಾಲಿನಲ್ಲಿ ನಿಂತಿದ್ದ ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ನನ್ನ ಹೆಸರು ಕೂಗಿದರು. ಅಕ್ಕ ಅಲ್ಲೇ ಬಗ್ಗಿ, ಪಾದದ ಗಂಟಿಗೆ ಸರಿಯಾಗಿಯೇ ಕೂತಿದ್ದ ಆಂಕಲ್ ಕ್ಯಾಪನ್ನು ಎಳೆದು ಸರಿಮಾಡಿಕೊಳ್ಳತೊಡಗಿದಳು. ನಾನು ಕಪ್ ತೆಗೆದುಕೊಂಡು, ಅತಿಥಿಗಳಿಗೆ ಕೈಮುಗಿದು, ಇಳಿದು ಬರುವ ತನಕವೂ ಅವಳು ತಲೆ ಎತ್ತಲಿಲ್ಲ.

ಕ್ಯಾಂಪಿನ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅವಳದಿರಲಿಲ್ಲ. ಒಂದೇ ಕಾಲೇಜಿನವರನ್ನೇ ತೆಗೆದುಕೊಂಡರೆ ಉಳಿದ ಕಾಲೇಜಿನವರು ಸುಮ್ಮನಿರುತ್ತಾರೆಯೇ ಎಂದರಂತೆ ಪಟ್ಟಿ ಮಾಡಿದವರು. ಅಕ್ಕನ ತಂಡದ ದಾಳಿಗಾರ್ತಿಯೂ ಸವ್ಯಸಾಚಿಯೂ ಕಪ್ ತೋರಿಸಿ ಒಳಗೆ ಹೋಗಿದ್ದರು, ಆ ಕಾಲೇಜಿನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಸೋತ ತಂಡದಲ್ಲಿದ್ದಾಗ ಅವಳು ಯಾರ ಕಣ್ಣಿಗೂ ಬೀಳಲಿಲ್ಲ, ಗೆದ್ದ ತಂಡದ ಪಾಲಿನಲ್ಲಿ ಅವಳಿಗೆ ಜಾಗವಿರಲಿಲ್ಲ. ಥೂ, ಇದೆಂಥ ನ್ಯಾಯ ಎಂದು ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಆ ಕಪ್ಪನ್ನು ಹಿಡಿದುಕೊಂಡು ನಾನು ಕಡಲ ಬದಿಯ ಅವಳ ಮನೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕುಳಿತಿದ್ದಳು. ಕಪ್ಪನ್ನು ಎದುರಿಗಿಟ್ಟು, ಇದು ನಿನ್ನದು ಎಂದೆ. ಅವಳು ಅದನ್ನು ಎತ್ತಿ, ಅತ್ತಿತ್ತ ತಿರುಗಿಸಿ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಮಾಡಿದ್ದರೆ ಚೆನ್ನಾಗಿತ್ತು…

"ಕಪ್ ನೀನ್ ಕೊಡ್ಲಕ್ಕ್ ಹೆಣೆ" ಎಂದಳು. "ಸರ್ಟಿಫಿಕೇಟ್ ಎಂತ ಮಾಡ್ತಿ?"

ಆಮೇಲೆ ಒಳಗೆ ಹೋಗಿ ನನಗೆ ಚಾ ಮಾಡಿಕೊಂಡು ಬಂದಳು. ಕಬಡ್ಡಿಯ ಮಾತು ಮತ್ತೆ ಬರಲಿಲ್ಲ. ಪರೀಕ್ಷೆ ಮುಗಿದ ವರ್ಷವೇ ಮದುವೆಯಾಗಿ ಮುಂಬೈಗೆ ಹೋದಳು. ನಾನು ಆ ಸರ್ಟಿಫಿಕೇಟಿನ ಬಲದಿಂದ ಮೇಲೆ ಓದಿ ಪಿ.ಟಿ. ಮೇಡಂ ಆದೆ. ಅವಳು ಊರಿಗೆ ಬಂದಾಗ ಅಪರೂಪಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ "ಹ್ವಾಯ್ ಮೇಡಂ!" ಎಂದು ಕೂಗಿ ನಗಿಸುತ್ತಿದ್ದಳು. ಆ ಮೇಡಂ ಎನ್ನುವುದು ನನಗೆ ಎಲ್ಲಿ ಚುಚ್ಚುತ್ತಿತ್ತೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಹೋದ ಮಳೆಗಾಲದ ಮೊದಲು ಮಾರ್ಕೆಟ್ಟಿನಲ್ಲಿ ಅವಳ ಅಮ್ಮನನ್ನು ಕಂಡು, ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳಿದೆ. ಅವರು ಕತ್ತಿ ಕೆಳಗಿಟ್ಟರು. "ಅದಿಲ್ಲೆ ಮಗಾ ಈಗ…" ಎಂದರು. ಜ್ವರವೆಂದು ಮಲಗಿದವಳು ಎದ್ದಿರಲಿಲ್ಲ. ಮುಂಬೈಯಲ್ಲಿಯೇ ಎಲ್ಲ ಮುಗಿದಿತ್ತು.

ಹಳೆಯ ಆಟಗಾರ್ತಿಯರ ವಾಟ್ಸಾಪ್ ಗುಂಪಿಗೆ ನಾನೇ ಸುದ್ದಿ ಹಾಕಿದೆ. ಯಾರೋ ಆ ಫೈನಲ್ಲಿನ ಫೋಟೋ ಕಳಿಸಿದರು. ಗೆದ್ದ ತಂಡದ ದೊಡ್ಡ ಕಪ್ಪಿನ ಹಿಂದೆ ಅಕ್ಕನ ಅರ್ಧ ಮುಖ ಮಾತ್ರ ಕಾಣುತ್ತಿತ್ತು. "ಆ ವರ್ಷದ ಬೆಸ್ಟ್ ಕ್ಯಾಚರ್ ಅವಳೇ ಅಲ್ಲವಾ?" ಎಂದು ಒಬ್ಬಳು ಬರೆದಳು. "ಹೌದು, ಅವಳಿಗೇ ಬಂದಿತ್ತು, ನನಗೆ ಸರಿ ನೆನಪಿದೆ" ಎಂದು ಇನ್ನೊಬ್ಬಳು. ಹಿಂದೆಯೇ ಕೈಮುಗಿದ ಚಿತ್ರಗಳು. ಸತ್ತ ಮೇಲೆ ಕೊಡಲು ಯಾರಿಗೂ ಕಷ್ಟವಿಲ್ಲ. ನಾನು ತಿದ್ದಲು ಹೋಗಲಿಲ್ಲ. ಎಲ್ಲರಿಗೂ ಕಂಡಿತ್ತಲ್ಲ, ಮತ್ತೆ ಅವತ್ತು ಯಾಕೆ ಒಬ್ಬರೂ ಬಾಯಿ ಬಿಡಲಿಲ್ಲ ಎಂದು ಮಾತ್ರ ಹೊಟ್ಟೆ ಉರಿಯಿತು.

ಮೊನ್ನೆ ತೆಕ್ಕಟ್ಟೆಯಲ್ಲಿ, ಎಣ್ಣೆ ತಿಕ್ಕುತ್ತಿದ್ದ ಆ ಹುಡುಗಿಯೂ ಲೆಫ್ಟ್ ಕಾರ್ನರ್. ಅಂದು ಅಂಗಣದಲ್ಲಿ ಅವಳಷ್ಟು ಚೆನ್ನಾಗಿ ಹಿಡಿದವರು ಇನ್ನೊಬ್ಬರಿರಲಿಲ್ಲ. ಬಹುಮಾನಕ್ಕೆ ಮೊದಲು ಸಂಘಟಕರನ್ನು ಕರೆದು, ಹಿಡಿತಗಾರ್ತಿಯ ಕಪ್ ಅವಳಿಗೇ ಹೋಗಬೇಕು ಎಂದೆ.

"ಹೌದ್ ಮೇಡಂ, ಆ ಹೆಣ್ಣ್ ಭಾರೀ ಲಾಯ್ಕ್ ಆಡ್ತ್" ಎಂದರು ಅವರು. "ಆರೆ ಸೆಮಿ ಸೋತವ್ರಿಗೆ ಎಂತ ಕೊಡುದ್? ಅವ್ರಿಗೆ ಶಿಸ್ತಿನ ತಂಡ ಇತ್ತಲೆ."

ಕಪ್ ರನ್ನರ್ಸ್ ತಂಡದವಳಿಗೆ ಹೋಯಿತು. ಕೊಟ್ಟದ್ದು ನಾನೇ. ಫೋಟೋ ತೆಗೆಯುವವನು ಸ್ವಲ್ಪ ನಗಿ ಎಂದ, ನಕ್ಕೆ.

ಇಳಿದು ಹೊರಡುವಾಗ ಆ ಹುಡುಗಿ ಕುಂಟುತ್ತ ಹತ್ತಿರ ಬಂದಳು. ಒಂದು ಕೈಯಲ್ಲಿ ಶಿಸ್ತಿನ ಫಲಕ, ಇನ್ನೊಂದರಲ್ಲಿ ಎಣ್ಣೆಯ ಬಾಟಲಿ.

"ಮೇಡಂ, ಆ ಗೆದ್ದ್ ಕಾಲೇಜಿನವ್ರ್ ನಂಗೆ ಬಾ ಅಂತ್ರ್. ಫೀಸ್ ಇಲ್ಲೆ, ಹಾಸ್ಟೆಲ್ ಫ್ರೀ ಅಂಬ್ರ್. ಅಲ್ಲಿಗ್ ಹೋರೆ ನಂಗೂ ಕಪ್ ಸಿಕ್ಕತ್ತಾ? ಹೋಪ್ದಾ, ಬ್ಯಾಡ್ದಾ?"

ಮಕ್ಕಳಿಗೆ ಕಬಡ್ಡಿ ಕಲಿಸುವುದೇ ನನ್ನ ಕಸುಬು. ಕಾಲು ನೋಡು, ಕೈ ನೋಡಬೇಡ ಎಂದು ದಿನವೂ ಹೇಳುತ್ತೇನೆ. ಹಿಡಿದ ಮೇಲೆ ಯಾವ ತಂಡದಲ್ಲಿ ನಿಲ್ಲಬೇಕು ಎಂದು ಮಾತ್ರ ನನಗೆ ಗೊತ್ತಿಲ್ಲ. ಅವಳ ಕೈಯಿಂದ ಬಾಟಲಿ ತೆಗೆದುಕೊಂಡೆ, ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ಕಾಲಿಗೆ ಎಣ್ಣೆ ತಿಕ್ಕಿದೆ. ಅವಳು ನನ್ನ ಮುಖ ನೋಡುತ್ತ ಉತ್ತರಕ್ಕೆ ಕಾದಿದ್ದಳು. ಎರಡೂ ಕಡೆ ಆಡಿ ನೋಡಿದವಳೊಬ್ಬಳಿದ್ದಳು, ಅವಳಾದರೆ ಹೇಳುತ್ತಿದ್ದಳು. ಅವಳು ಈಗಿಲ್ಲ.