ಇಂದ್ರಮ್ಮನ ಮೊದಲ ದಿನದ ಹಾಳೆಗಳು

ಬಸರಾಳಿನ ಇಂದ್ರಮ್ಮ ಏಳು ತಿಂಗಳ ಕಾಲ ನನ್ನ ಲೆಕ್ಕದಲ್ಲಿ ಶುದ್ಧ ಸೋಮಾರಿಯಾಗಿದ್ದಳು. ತಪ್ಪು ನನ್ನದೇ. ಆದರೆ ಅದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು.

ಆಗ ನಾನು ಮಂಡ್ಯದಲ್ಲಿ ವಯಸ್ಕರ ಶಿಕ್ಷಣ ಸಮಿತಿಯೊಂದರ ಗೌರವ ಪರೀಕ್ಷಕ. ಗೌರವ ಎಂದರೆ ಸಂಬಳವಿಲ್ಲ ಎಂದರ್ಥ. ಸಂಬಳವಿಲ್ಲದ ಹುದ್ದೆಯಲ್ಲಿ ಕೂತವನಿಗೆ ಬರುವಷ್ಟು ಠೀವಿ ಅಮಲ್ದಾರನಿಗೂ ಬರುವುದಿಲ್ಲ. ಹದಿನಾರು ದಾಟಿಯೂ ಅಕ್ಷರ ಕಾಣದವರಿಗಾಗಿ ಊರೂರಲ್ಲಿ ತರಗತಿಗಳು ಶುರುವಾಗಿದ್ದವು. ಅವನ್ನು ನೋಡಿ, ಯಾರು ಎಷ್ಟು ಮುಂದುವರಿದಿದ್ದಾರೆಂದು ವರದಿ ಕಳಿಸುವುದು ನನ್ನ ಕೆಲಸ.

೧೯೪೪ರ ಆಷಾಢದಲ್ಲಿ ಬಸರಾಳಿಗೆ ಹೋದೆ. ಅಲ್ಲಿ ಹೆಂಗಸರ ತರಗತಿ, ಹನ್ನೊಂದು ಜನ. ಗಂಡಸರಿಗೆ ಮಧ್ಯಾಹ್ನದ ಮುದ್ದೆ ಇಕ್ಕಿ, ಪಾತ್ರೆ ತೊಳೆದ ಮೇಲೆ ಎರಡು ಗಂಟೆ ಪಾಠ. ಜಾಗ, ಇಂದ್ರಮ್ಮನ ಅಣ್ಣ ರೇವಣ್ಣನ ಹುಲ್ಲಿನ ಕೊಟ್ಟಿಗೆ. ನಾನು ಹೋದಾಗ ಕೊಟ್ಟಿಗೆಯಲ್ಲಿ ಒಂದು ಎಮ್ಮೆಕರು ಬಿಟ್ಟರೆ ಯಾರೂ ಇರಲಿಲ್ಲ. ಪಾಠ ಹೇಳುವ ಇಂದ್ರಮ್ಮ ಸೀಮೆಸುಣ್ಣ ಕೇಳಲು ಮಂಡ್ಯಕ್ಕೆ ಹೋಗಿದ್ದಳಂತೆ. ಕೇಳಬೇಕಾದದ್ದು ನನ್ನನ್ನೇ, ನಾನು ಇಲ್ಲಿದ್ದೆ.

ಬಂದ ದಾರಿಗೆ ಸುಂಕವಿರಲೆಂದು ಗೋಡೆಯ ಮೊಳೆಗೆ ನೇತುಹಾಕಿದ್ದ ಹಾಳೆಗಳ ಕಟ್ಟನ್ನು ಇಳಿಸಿ ನೋಡಿದೆ. ಹನ್ನೊಂದು ಹಾಳೆ, ಒಂದೊಂದರ ಮೂಲೆಯಲ್ಲೂ ಒಂದು ಹೆಸರು. ಒಂದರಲ್ಲಿ ಸೊಟ್ಟ ಗೆರೆ. ಒಂದರಲ್ಲಿ ಸೊನ್ನೆಯಾಗಲು ಹೊರಟು ಮನಸ್ಸು ಬದಲಿಸಿದ ಏನೋ ಒಂದು. ‘ಚಿಕ್ಕಬೋರಮ್ಮ’ ಎಂದಿದ್ದ ಹಾಳೆಯಲ್ಲಂತೂ ಏನೂ ಇರಲಿಲ್ಲ, ನಡುವೆ ಒಂದು ತೂತು. ಇಲಿ ಕಡಿದಿರಬೇಕೆಂದುಕೊಂಡೆ. ಅಲ್ಲೇ ಹುಲ್ಲಿನ ಪಿಂಡಿಯ ಮೇಲೆ ಕೂತು, ಠಾಕುಠೀಕಾಗಿ ಬರೆದೆ: ‘ಹತ್ತು ತಿಂಗಳ ಪ್ರಗತಿ: ಶೂನ್ಯ.’ ‘ಶೂನ್ಯ’ದ ಕೆಳಗೆ ಎರಡು ಗೆರೆ ಎಳೆದೆ.

ಅದೇ ವರ್ಷದ ಕೊನೆಗೆ ನಮ್ಮ ಸಮಿತಿಗೆ ಅಳತೆಗೋಲು ಬದಲಿಸುವ ಹುರುಪು ಬಂತು. ಅಲ್ಲಿಯವರೆಗೆ ಸ್ವಂತ ಹೆಸರು ಬರೆದವರೆಲ್ಲ ಪಾಸು. ಇನ್ನು ಮುಂದೆ ಸಂಸ್ಥಾನಕ್ಕೆಲ್ಲ ಒಂದೇ ಮಾನದಂಡ: ಹಿಂದೆ ಕಾಣದ ಅಚ್ಚಿನ ಪಾಠವೊಂದನ್ನು ಓದಬೇಕು. ಎಷ್ಟು ಸಾಲು? ಒಬ್ಬರು ಹನ್ನೆರಡು ಎಂದರು, ಒಬ್ಬರು ಎಂಟು ಎಂದರು. ಕಾಫಿ ಆರುತ್ತಿತ್ತೆಂದು ಹತ್ತಕ್ಕೆ ಒಪ್ಪಿದೆವು. ನಾಲ್ಕು ನಿಮಿಷದ ಗಡುವು ನನ್ನ ಸೂಚನೆ. ಆ ವಾರವಷ್ಟೇ ಸೆಕೆಂಡು ಮುಳ್ಳಿರುವ ಜೇಬುಗಡಿಯಾರ ಕೊಂಡಿದ್ದೆ. ಹೊಸ ಅಳತೆಯನ್ನು ಮೊದಲು ಯಾರಿಗೆ ಹಾಕುವುದು? ಶೂನ್ಯ ಪ್ರಗತಿಯವರಿಗೆ. ಅರ್ಧಕ್ಕಿಂತ ಹೆಚ್ಚು ಮಂದಿ ಮುಟ್ಟದಿದ್ದರೆ ತರಗತಿ ಬಂದ್. ಆ ಪಟ್ಟಿಯಲ್ಲಿ ಬಸರಾಳು ಒಂದನೆಯದು.

ಹಾಗೆ ೧೯೪೫ರ ಮಾಘದಲ್ಲಿ ಇಂದ್ರಮ್ಮನನ್ನು ಮೊದಲ ಸಲ ಕಂಡೆ. ಇಪ್ಪತ್ತಾರು ವರ್ಷ, ಬಡಕಲು ಮೈ, ಕಂಕುಳಲ್ಲಿ ಅದೇ ಕಟ್ಟು. ಮಂಡ್ಯದಲ್ಲಿ ಲೋಯರ್ ಸೆಕೆಂಡರಿ ಓದಿದವಳು. ಹದಿನಾರಕ್ಕೆ ಮದುವೆ, ಹತ್ತೊಂಬತ್ತಕ್ಕೆ ಕುಂಕುಮ ಹೋಗಿ ಅಣ್ಣ ರೇವಣ್ಣನ ಮನೆ ಸೇರಿದ್ದಳು. ದಿನದ ಇಪ್ಪತ್ತೆರಡು ಗಂಟೆ ಆಕೆ ರೇವಣ್ಣನ ತಂಗಿ. ಉಳಿದೆರಡು ಗಂಟೆ ಮೇಷ್ಟ್ರಮ್ಮ. ರೇವಣ್ಣ ಅಂದು ನನ್ನೆದುರಿಗೇ ಹೇಳಿದ, “ನೋಡಮ್ಮಿ, ಸರ್ಕಾರದ ಕಾಗ್ದ ಇರೋಗಂಟ ಕೊಟ್ಗೆ ನಿಂದು. ಆಮ್ಯಾಕೆ ಉಲ್ಲಿಂದು.”

ಇಂದ್ರಮ್ಮ ನನ್ನ ಮುಂದೆ ಕಟ್ಟು ಬಿಚ್ಚಿಟ್ಟಳು.

“ಸ್ವಾಮಿ, ನೀವು ಆವತ್ತು ನೋಡಿದ್ದು ಇವು ತಾನೇ? ಇವು ಮೊದಲನೇ ದಿನದವು. ಬಂದವರ ಕೈಗೆ ಪೆನ್ಸಿಲ್ ಕೊಟ್ಟು, ಏನು ಬತ್ತದೋ ಅದು ಮಾಡಿ ಅಂತೀನಿ. ಮಾಡಿದ್ದ ಎತ್ತಿಡ್ತೀನಿ. ಎಲ್ಲಿಂದ ಒಂಟ್ರು ಅಂತ ಗೊತ್ತಿರದೆ ಎಷ್ಟು ದೂರ ಬಂದ್ರು ಅಂತ ಎಂಗೆ ಯೋಳೋದು?”

“ಈ ತೂತು?”

“ಅದು ನಂದು ಕಣಪ್ಪ,” ಎಂದಳು ಹಿಂದಿನಿಂದ ಚಿಕ್ಕಬೋರಮ್ಮ. ಐವತ್ತರ ಹೆಂಗಸು, ಕುಡುಗೋಲು ಹಿಡಿದು ಪಳಗಿದ ಕೈ. “ಕುಡ್ಲು ಇಡ್ದಂಗೆ ಇಡ್ದೆ, ಅರ್ದೋಯ್ತು.”

ಪಕ್ಕದಲ್ಲಿದ್ದ ಪಟ್ಟಲಮ್ಮ ಸುಮ್ಮನಿರುವ ಪೈಕಿಯಲ್ಲ. “ಅಯ್ ಬುಡಿ ಸ್ವಾಮಿ! ಬೆಳೆ ನೋಡಾಕ್ ಬಂದೋರು ಬಿತ್ತ ನೋಡ್ಕಂಡು ಓಗಿದ್ರಾ?”

ಹನ್ನೊಂದು ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎಮ್ಮೆಕರು ಕೂಡ ನನ್ನನ್ನೇ ನೋಡಿತು. ಆಗ ನಾನೂ ನಕ್ಕು, ಆ ಶೂನ್ಯವನ್ನು ಹೊಡೆದುಹಾಕಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನಾನು ಪೇಟ ಸರಿಮಾಡಿಕೊಂಡು, ಗಡಿಯಾರ ತೆಗೆದೆ.

ಪಾಠ ಗ್ರಾಮದ ಚೊಕ್ಕಟತನವನ್ನು ಕುರಿತದ್ದು. ಒಬ್ಬೊಬ್ಬರೇ ಬಂದು ಓದಿದರು. ಐದು ಮಂದಿ ಹತ್ತು ಸಾಲು ಮುಟ್ಟಿದರು, ಐದು ಮಂದಿ ಮುಟ್ಟಲಿಲ್ಲ. ಬೇಕಾದ್ದು ಆರು. ಉಳಿದವಳು ಚಿಕ್ಕಬೋರಮ್ಮ.

ಆಕೆ ಅಕ್ಷರ ಕಲಿಯಲು ಬಂದ ಕಾರಣ ಒಂದು ಚೊಂಬು. ಮೂವರು ಹೆಣ್ಣುಮಕ್ಕಳಿಗೂ ಮದುವೆಯಲ್ಲಿ ಒಂದೇ ಅಂಗಡಿಯ, ಒಂದೇ ಅಚ್ಚಿನ ಹಿತ್ತಾಳೆ ಚೊಂಬು ಕೊಡಿಸಿ, ಹೆಸರು ಕೆತ್ತಿಸಿದ್ದಳು. ನಡುವಿನವಳು ಬಾಣಂತನದಲ್ಲಿ ತೀರಿಕೊಂಡಳು, ಅವಳ ಚೊಂಬು ತವರಿಗೆ ವಾಪಸಾಯಿತು. ದೊಡ್ಡವಳ ಚೊಂಬೂ ಚಿಕ್ಕವಳ ಚೊಂಬೂ ಬಾಣಂತನಕ್ಕೆಂದು ಅವರೊಡನೆ ಬಂದು ಅಲ್ಲೇ ಉಳಿದಿದ್ದವು. ಮೂರರಲ್ಲಿ ಯಾವುದು ಸತ್ತವಳದು ಎಂದು ತಾಯಿಗೆ ತಿಳಿಯುತ್ತಿರಲಿಲ್ಲ, ಕಂಡವರನ್ನೆಲ್ಲ ಕೇಳುತ್ತಿದ್ದಳು. ತರಗತಿಗೆ ಬಂದ ಐದನೆಯ ತಿಂಗಳಲ್ಲಿ ಆಕೆ ಅದನ್ನು ತಾನೇ ಓದಿ, ತೊಳೆದು, ಬೇರೆ ಗೂಡಿನಲ್ಲಿ ಇಟ್ಟಳಂತೆ. ಇದನ್ನು ಇಂದ್ರಮ್ಮ ನನಗೆ ಹೇಳಿದಳು. ನಾನು “ಹೂಂ” ಎಂದೆ. ಚೊಂಬು ಪಠ್ಯಕ್ರಮದಲ್ಲಿರಲಿಲ್ಲ.

ಚಿಕ್ಕಬೋರಮ್ಮ ಬೆರಳಿಟ್ಟು ಓದತೊಡಗಿದಳು. ನಿಧಾನ, ಆದರೆ ತಪ್ಪಿಲ್ಲ. ಆರನೆಯ ಸಾಲಿಗೆ ಬಂದಳು: ‘ಮನೆಯ ಸುತ್ತಮುತ್ತ ಸಗಣಿಯನ್ನು ಶೇಖರಿಸಿಡಬಾರದು.’ ಬೆರಳು ನಿಂತಿತು. ತಲೆಯೆತ್ತಿದಳು.

“ಇದ್ಯಾವ ಬಡ್ಡೈದ ಬರ್ದೋನು? ಸಗಣಿ ಇಡ್ದೆ ಬೆರಣಿ ಏನ್ ತಟ್ಟಾನು? ಗದ್ದೆಗೆ ಏನ್ ಆಕಾನು?”

“ಓದಮ್ಮ, ಓದು,” ಎಂದೆ.

“ಓದ್ತೀನಿ ಕಣಪ್ಪ. ಅಲ್ಲ, ನೀನೇ ಯೋಳು, ನಿಮ್ಮನೇಲಿ ವಲೆಗೆ ಏನಾಕ್ತೀರಿ?”

“ಬೋರಕ್ಕ, ಮುಂದಕ್ಕೆ ಓದು!” ಎಂದಳು ಇಂದ್ರಮ್ಮ.

ಎಂಟನೆಯ ಸಾಲು ಮುಗಿಯಿತು. ಮುಳ್ಳು ನಾಲ್ಕನೆಯ ಸುತ್ತು ಮುಗಿಸಿತು. “ಹೊತ್ತಾಯಿತು,” ಎಂದೆ.

ಉಳಿದೆರಡು ಸಾಲನ್ನೂ ಆಕೆ ಓದಿಯೇ ಎದ್ದಳು. ಆ ದಿನ ಪಾಸಾದ ಐವರೂ ಪಾಠವನ್ನು ಗಿಣಿಯಂತೆ ಒಪ್ಪಿಸಿದ್ದರು. ಓದಿದ್ದನ್ನು ತಿಳಿದುಕೊಂಡು, ತಪ್ಪೆನಿಸಿದಾಗ ಜಗಳಕ್ಕೆ ನಿಂತವಳು ಚಿಕ್ಕಬೋರಮ್ಮ ಒಬ್ಬಳೇ. ಇದು ನನಗೆ ಹೊಳೆದದ್ದು ಮಂಡ್ಯದ ದಾರಿಯಲ್ಲಿ, ಗಾಡಿ ಅರ್ಧ ದೂರ ಬಂದ ಮೇಲೆ. ಗಾಡಿ ತಿರುಗಿಸಬಹುದಿತ್ತು.

ಹೊರಡುವಾಗ ಇಂದ್ರಮ್ಮ ತೂತಿನ ಹಾಳೆಯನ್ನು ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದಳು. “ಸ್ವಾಮಿ, ಈ ತೂತಿಂದ ಆ ಸಗಣಿಗಂಟ ಬಂದವಳೆ. ಅದ ಬರಕಳಾಕೆ ನಿಮ್ಮ ಕಾಗ್ದದಲ್ಲಿ ಎಲ್ಲಾರ ಜಾಗ ಐತಾ?”

ನಾನು ನಮೂನೆಯನ್ನು ಪ್ರಾಮಾಣಿಕವಾಗಿ ಎರಡೂ ಮಗ್ಗುಲು ತಿರುಗಿಸಿ ನೋಡಿದೆ. “ಕಾಲಂ ಇಲ್ಲವಲ್ಲಮ್ಮ.”

ಯುಗಾದಿಗೆ ಮುಂಚೆ ತರಗತಿ ನಿಂತಿತು. ಕೊಟ್ಟಿಗೆ ಹುಲ್ಲಿನದಾಯಿತು. ಎರಡು ಗಂಟೆಯ ಮೇಷ್ಟ್ರಮ್ಮ ಇಲ್ಲವಾಗಿ, ಉಳಿದ ರೇವಣ್ಣನ ತಂಗಿಯನ್ನು ಅಣ್ಣ ಮಳವಳ್ಳಿಯ ದೊಡ್ಡಮ್ಮನ ಮನೆಗೆ, ಮುದುಕಿಯನ್ನು ನೋಡಿಕೊಳ್ಳಲು ಕಳಿಸಿದ.

೧೯೪೭ರ ಕಾರ್ತಿಕದಲ್ಲಿ ಸಮಿತಿ ಮತ್ತೆ ಸೇರಿತು. ಸ್ವರಾಜ್ಯ ಬಂದಿತ್ತು, ಹೊಸ ಮಾನದಂಡ ಬೇಕಿತ್ತು. ನಾನೆದ್ದು ಹೇಳಿದೆ: “ಎಲ್ಲರಿಗೂ ಒಂದೇ ಗೆರೆ ಎಳೆಯುವುದು ಸರಿಯಲ್ಲ. ಯಾರು ಎಲ್ಲಿಂದ ಹೊರಟರೋ ಅಲ್ಲಿಂದ ಅಳೆಯಬೇಕು. ಮೊದಲ ದಿನದ ಹಾಳೆಯನ್ನು ಎತ್ತಿಡಬೇಕು.” ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಆಲೋಚನೆ ನಿಮಗೆ ಹೇಗೆ ಬಂತೆಂದು ಅಧ್ಯಕ್ಷರು ಕೇಳಿದರು. ಅನುಭವ, ಎಂದೆ.

ಮಾದರಿಗೆ ನಾಲ್ಕು ಹಾಳೆ ಬೇಕಾದವು. ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋದೆ. ಇಂದ್ರಮ್ಮ ಹಿತ್ತಲಲ್ಲಿ ಮುದುಕಿಯ ಬಟ್ಟೆ ಒಗೆಯುತ್ತಿದ್ದಳು. ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಹೊಸ ಅಳತೆಯ ಸಂಗತಿಯನ್ನೆಲ್ಲ ಹೇಳಿದೆ, ನನ್ನ ಭಾಷಣದ ಭಾಗವನ್ನು ಬಿಟ್ಟು. ಆಕೆ ಕೇಳಿದಳು, ಬಟ್ಟೆ ಹಿಂಡಿದಳು, ಹರವಿದಳು. ಹಾಳೆಗಳೆಲ್ಲಿ ಎಂದೆ. ಅಣ್ಣ ಕೊಟ್ಟಿಗೆಗೆ ಹುಲ್ಲು ತುಂಬಿಸುವಾಗ ಯಾರೋ ಒಲೆ ಹೊತ್ತಿಸಲು ಒಯ್ದರಂತೆ.

ಸುಮ್ಮನೆ ಎದ್ದು ಬರಬೇಕಾಗಿತ್ತು. ಪರೀಕ್ಷಕನ ಬಾಯಿ ಸುಮ್ಮನಿರಲಿಲ್ಲ.

“ಹೋಗಲಿ, ಚಿಕ್ಕಬೋರಮ್ಮ ಈಗ ಎಷ್ಟು ಸಾಲು ಓದುತ್ತಾಳೆ?”

ಇಂದ್ರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಒಂದೂ ಇಲ್ಲ. ಮೂರು ಚೊಂಬೂ ಬೆರ್ತೋಗಿ, ಸತ್ತ ಮಗಳದ್ದು ಯಾವ್ದು ಅಂತ ಮತ್ತೆ ಅಕ್ಕಪಕ್ಕದೋರ ಕೇಳ್ತಾವಳಂತೆ.”