ಗೊತ್ತಿಲ್ಲ ಎಂದ ಕಂಪ್ಯೂಟರು

ಮೊನ್ನೆ ಕಪಾಟಿನ ಮೇಲಿನ ಹಲಗೆಯಿಂದ ಯಕ್ಷಗಾನ ಪ್ರಸಂಗದ ಹಳೆಯ ಪುಸ್ತಕವೊಂದನ್ನು ಇಳಿಸಿ ದೂಳು ಕೊಡವಿದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಕಾರ್ಡೂ ಕೆಳಗೆ ಬಿತ್ತು. ಮಾಸಲು ಹಳದಿ, ದಪ್ಪ ಕಾಗದ, ಒಂದು ಮೂಲೆ ಓರೆಯಾಗಿ ಕತ್ತರಿಸಿದ್ದು, ಅಲ್ಲಲ್ಲಿ ಸಣ್ಣ ಉದ್ದನೆಯ ತೂತುಗಳು. ಸೊಸೆ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಮಾವ, ಇದನ್ನ ಗೆದ್ದಲು ತಿಂದಿದ್ಯಾ?" ಎಂದಳು. ಗೆದ್ದಲಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು! ಇದು ಹಿಂದೆ ಕಂಪ್ಯೂಟರಿಗೆ ಓದಲು ಕೊಡುತ್ತಿದ್ದ ಕಾಗದ ಎಂದೆ. ಅವಳು ನಂಬಲಿಲ್ಲ. ನೀವೂ ನಂಬದಿದ್ದರೆ ತಪ್ಪೇನಿಲ್ಲ. ಇದನ್ನು ನನ್ನ ಕೈಗೆ ಕೊಟ್ಟ ದಿನ ನಾನೂ ನಂಬಿರಲಿಲ್ಲ.

ಕೊಟ್ಟವಳು ಸುಮಿತ್ರ, ನನ್ನ ಹೆಂಡತಿಯ ತಂಗಿ. ತವರು ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದಾಚೆ, ಕಾಡಿನ ಅಂಚು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದಳು. ನಮ್ಮ ತೀರ್ಥಹಳ್ಳಿಯಲ್ಲಿ ಆಗ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಆದರೆ ಅದರ ಬಗ್ಗೆ ಮಾತಾಡಬಲ್ಲವನು ಒಬ್ಬನಿದ್ದ. ಅದು ನಾನು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ರಜೆಯಲ್ಲಿ ತಾಳಮದ್ದಳೆಯ ಅರ್ಥಧಾರಿ. ವೇಷ, ಕುಣಿತ ಯಾವುದೂ ಇಲ್ಲದೆ ಚಾಪೆಯ ಮೇಲೆ ಕುಳಿತು ಮಾತಿನಲ್ಲೇ ಎದುರಾಳಿಯನ್ನು ಕೆಡಹುವ ಆ ಕಲೆಯಲ್ಲಿ 'ಗೊತ್ತಿಲ್ಲ' ಎಂಬ ಮಾತಿಗೆ ಜಾಗವಿಲ್ಲ. ಅಭ್ಯಾಸಬಲದಿಂದ ಮನೆಯಲ್ಲೂ ನಾನು ಅದನ್ನು ಆಡುತ್ತಿರಲಿಲ್ಲ.

"ನಮ್ಮ ಸುಮಿತ್ರ ಕಂಪ್ಯೂಟರಿಗೆ ಬುದ್ಧಿ ಹೇಳ್ತಾಳೆ" ಎಂದು ನಾನು ಊರಿಗೆಲ್ಲ ಸಾರಿದ್ದೆ. ಅವಳು ತಿದ್ದಿದಳು. "ಬುದ್ಧಿ ಹೇಳೋರು ಬೇರೆ ಇದಾರೆ ಭಾವ. ಅವರು ಹೇಳಿದ್ದು ಸರಿ ಇದ್ಯಾ, ಎಲ್ಲಿವರೆಗೆ ನಂಬಬಹುದು ಅಂತ ನೋಡೋದು ನನ್ನ ಕೆಲಸ." ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅಡುಗೆಭಟ್ಟರು ಬರುತ್ತಾರೆಂದು ಕಾದರೆ ಉಪ್ಪು ನೋಡುವವರು ಬಂದ ಹಾಗೆ.

ಅವಳು ಈ ಕಾರ್ಡು ಕೊಟ್ಟ ಬೇಸಿಗೆಯ ಮೊದಲಿಗೇ ಸಾಗರದ ಕಡೆ ಮಂಗನ ಕಾಯಿಲೆಯ ಸುದ್ದಿ ಎದ್ದಿತ್ತು. ಕಾಡು ಒಣಗುವ ಕಾಲಕ್ಕೆ ಮಂಗಗಳು ಸಾಯುತ್ತವೆ, ಅವುಗಳ ಮೈಮೇಲಿನ ಉಣುಗು ಉದುರಿ ಎಲೆಗಳ ಮೇಲೆ ಕೂರುತ್ತದೆ, ಕೊಟ್ಟಿಗೆಗೆ ಹಾಸಲು ಒಣಗಿದೆಲೆ, ಅಂದರೆ ದರಗು, ತರಲು ಹೋದವರಿಗೆ ಕಚ್ಚುತ್ತದೆ. ಆಮೇಲೆ ಜ್ವರ. ಉಣುಗಿಗೆ ಪುಡಿ ಹಾಕುವ, ಜನರನ್ನು ಎಚ್ಚರಿಸುವ ಜೀಪುಗಳು ಕಡಮೆ, ಕಾಡು ಬಹಳ. ಜೀಪನ್ನು ಮೊದಲು ಎಲ್ಲಿಗೆ ಕಳಿಸಬೇಕು? ಇದನ್ನು ಹೇಳುವ ಒಂದು ಮಾಡೆಲ್, ಎಂದರೆ ಲೆಕ್ಕದ ಮಾದರಿಯನ್ನು, ಸುಮಿತ್ರ ಈ ಸಲ ತಾನೇ ಕಟ್ಟಿದ್ದಳು. ಎಲ್ಲೆಲ್ಲಿ ಮಂಗಗಳು ಸತ್ತವೆಂಬ ಹಿಂದಿನ ವರ್ಷಗಳ ವರದಿಗಳನ್ನೆಲ್ಲ ಕಾರ್ಡುಗಳಲ್ಲಿ ತೂತುಮಾಡಿ ಯಂತ್ರಕ್ಕೆ ಉಣಿಸಿದರೆ, ಕಾಯಿಲೆ ಮುಂದೆ ಯಾವ ದಿಕ್ಕಿಗೆ ಕಾಲಿಡುತ್ತದೆಂದು ಅದು ಲೆಕ್ಕಹಾಕಿ ಹೇಳುತ್ತಿತ್ತು. ಹಳೆಯ ವರ್ಷಗಳಿಗೆ ತಾಳೆ ನೋಡಿದರೆ ಅಚ್ಚುಕಟ್ಟಾಗಿ ಹೊಂದಿತ್ತು. ಅವಳ ಗೈಡಿಗೆ ಸಂತೋಷವೋ ಸಂತೋಷ. ದೆಹಲಿಯ ಸಮ್ಮೇಳನದಲ್ಲಿ ಪ್ರಬಂಧ ಓದುವುದು ನಿಶ್ಚಯವಾಗಿತ್ತು, ಅದರ ಬೆನ್ನಿಗೆ ಪದವಿ, ಕೆಲಸ. ಯಂತ್ರ ಅಚ್ಚುಹಾಕಿದ ಉದ್ದನೆಯ ಹಾಳೆಯನ್ನು ಸಾಗರದ ಆರೋಗ್ಯ ಇಲಾಖೆಯ ಆಫೀಸಿಗೆ ಕೊಡಲು ಹೊರಟವಳು ಅಕ್ಕನನ್ನು ನೋಡಲು ನಮ್ಮಲ್ಲಿ ಇಳಿದಿದ್ದಳು.

ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ತಾಳಮದ್ದಳೆಯ ಅಭ್ಯಾಸ. ಸುಮಿತ್ರ ಕಂಬಕ್ಕೊರಗಿ ಕೇಳುತ್ತಿದ್ದವಳು ನಡುವೆ ಬಾಯಿ ಹಾಕಿದಳು.

"ಭಾವ, ಹೋದ ಸಲ ಬಂದಾಗ ನೀವು ರಾಜನ ಪಕ್ಷ. ಇವತ್ತು ಅವನನ್ನೇ ಬಯ್ತಾ ಇದೀರಲ್ಲ?"

"ಎರಡೂ ಕಡೆ ವಾದ ಮಾಡಕ್ಕೆ ಬರಬೇಕು ಮಾರಾಯ್ತಿ. ಇಲ್ದಿದ್ರೆ ಅವನು ಎಂಥ ಅರ್ಥಧಾರಿ?"

ಅವಳು ಚೀಲದಿಂದ ಆ ಹಾಳೆಯನ್ನು ಎಳೆದು, "ಹಂಗಾರೆ ಇವತ್ತು ನೀವು ನನ್ನ ಮಾಡೆಲ್ ಆಗಿ. ನಾನು ನಿಮ್ಮ ಎದುರಾಳಿ" ಎಂದಳು. ಪದ ಹಾಡಿ ಭಾಗವತಿಕೆ ಮಾಡುವ ಸುಬ್ಬಣ್ಣನಿಗೆ ನಗು ತಡೆಯಲಾಗಲಿಲ್ಲ. ನನಗಂತೂ ಹೊಸ ಪಾತ್ರ ಸಿಕ್ಕಿದ ಹುರುಪು. ಹಾಳೆಯನ್ನು ಮುಂದಿಟ್ಟುಕೊಂಡು ಅವಳಿಂದ ಅರ್ಥ ಹೇಳಿಸಿಕೊಂಡೆ. ಚಹಾ ಮುಗಿಯುವಷ್ಟರಲ್ಲಿ ತ್ರಿಕಾಲಜ್ಞಾನಿಯಾಗಿ ಚಾಪೆಯ ಮೇಲೆ ಕುಳಿತೆ. ಸುಬ್ಬಣ್ಣ ತಾಳ ತಟ್ಟಿದ. ನಾನು ನನ್ನ ಜನನ, ಪರಾಕ್ರಮ, ಸ್ಮರಣಶಕ್ತಿಗಳನ್ನು ಯಥೇಚ್ಛವಾಗಿ ಬಣ್ಣಿಸಿಕೊಂಡ ಮೇಲೆ ಅವಳು ಶುರುಮಾಡಿದಳು.

"ಎಲೈ ಸರ್ವಜ್ಞನೇ, ನಿಟ್ಟೂರಿನಾಚೆಯ ಕಾಡಿಗೆ ಭಯವಿಲ್ಲ ಎಂದೆಯಲ್ಲ, ಹೇಗೆ ಬಲ್ಲೆ?"

"ಅಲ್ಲಿ ಮಂಗ ಸತ್ತಿಲ್ಲ!"

"ಸತ್ತಿಲ್ಲವೆಂದು ನಿನಗೆ ಹೇಳಿದವರು ಯಾರು?"

"ಯಾರೂ ಹೇಳಲಿಲ್ಲ."

"ಸತ್ತಿವೆ ಎಂದು?"

"ಅದನ್ನೂ ಯಾರೂ ಹೇಳಲಿಲ್ಲ. ಯಾರೂ ಏನೂ ಹೇಳದಿದ್ದ ಮೇಲೆ ಸೊನ್ನೆ!" ಎಂದು ತೊಡೆ ತಟ್ಟಿದೆ. ಸುಬ್ಬಣ್ಣ ತಾಳ ಕುಟ್ಟಿದ. ಗೆದ್ದೆನೆಂದುಕೊಂಡು ನೋಡಿದರೆ ಸುಮಿತ್ರ ನನ್ನತ್ತ ನೋಡುತ್ತಲೇ ಇರಲಿಲ್ಲ.

"ಅಕ್ಕಾ," ಎಂದು ಒಳಗೆ ಕೂಗಿದಳು. "ಹಲಸಿನ ಮರದ ಬುಡದಲ್ಲಿ ಅಪ್ಪಯ್ಯ ಮಂಗನ್ನ ಮಣ್ಣು ಮಾಡಿದ್ದು ನೆನಪಿದ್ಯಾ?"

ನನ್ನ ಹೆಂಡತಿ ಬಾಗಿಲಿಗೆ ಬಂದಳು. "ಇಲ್ದೆ ಏನು? ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು. ನೀನೇ ಅಳ್ತಾ ದಾಸವಾಳ ಇಟ್ಟಿದ್ದೆ. ಅವತ್ತು ಮನೇಲಿ ಒಗ್ಗರಣೆನೂ ಹಾಕಿರ್ಲಿಲ್ಲ."

"ಅದನ್ನ ಆಫೀಸಿಗೆ ಯಾರಾದ್ರೂ ಹೇಳಿದ್ರಾ?"

"ಆಫೀಸಿಗಾ? ಯಾಕೆ, ಕಳ್ಳತನ ಆಗಿತ್ತಾ?"

ಆ ಕಡೆಯ ಹಳ್ಳಿಗಳಲ್ಲಿ ಮಂಗ ಎಂದರೆ ದೇವರು. ಸತ್ತದ್ದು ಕಣ್ಣಿಗೆ ಬಿದ್ದರೆ ಹಾಗೇ ಬಿಟ್ಟು ಬರುವಂತಿಲ್ಲ; ಮನೆಯವರಿಗೆ ಮಾಡಿದ ಹಾಗೆ ಮಣ್ಣು ಮಾಡಬೇಕು. ಮಾಡಿದ ಮೇಲೆ ಋಣ ತೀರಿತು, ಇನ್ನು ಯಾರಿಗೆ ಏನು ಹೇಳುವುದು? ಹಾಗಾಗಿ ಭಕ್ತಿ ಎಲ್ಲಿ ಹೆಚ್ಚೋ ಅಲ್ಲಿಂದ ಸುದ್ದಿಯೇ ಬರುತ್ತಿರಲಿಲ್ಲ. ಸುದ್ದಿ ಬಾರದ ಊರಿನ ಕಾರ್ಡಿನಲ್ಲಿ ಸತ್ತ ಮಂಗಗಳ ಲೆಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ಸುಮಿತ್ರ ಚೀಲದಿಂದ ಇದೇ ಕಾರ್ಡನ್ನು ತೆಗೆದು ನನ್ನ ಕೈಗೆ ಕೊಟ್ಟಳು. ತೂತಿಲ್ಲದ ಜಾಗವನ್ನು ಯಂತ್ರ ಸೊನ್ನೆ ಎಂದೇ ಓದಿಕೊಳ್ಳುತ್ತಿತ್ತಂತೆ. ಗೊತ್ತಿಲ್ಲದ್ದೆಲ್ಲ ಅದಕ್ಕೆ ಇಲ್ಲದ್ದು.

"ಮತ್ತೆ ಹಳೇ ವರ್ಷಗಳಿಗೆಲ್ಲ ಸರಿ ಹೊಂದಿತ್ತು ಅಂದ್ಯಲ್ಲ?" ಎಂದೆ. ಪಾತ್ರದಿಂದ ಇಳಿಯಲು ನನಗಿನ್ನೂ ಮನಸ್ಸಿರಲಿಲ್ಲ.

"ತಾಳೆ ನೋಡಿದ್ದೂ ಅದೇ ವರದಿ ಜೊತೆಗೆ ತಾನೆ ಭಾವ? ಪ್ರಶ್ನೆ ಬರೆದ ಮೇಷ್ಟ್ರೇ ಉತ್ತರನೂ ಬರೆದು ನೂರಕ್ಕೆ ನೂರು ತಗೊಂಡಂಗಾಯ್ತು."

ನಾನು ಜೀವನದಲ್ಲಿ ಬಹಳ ಸೋತವರನ್ನು ಕಂಡಿದ್ದೇನೆ. ಚಾಪೆಯ ಮೇಲೆ ಸೋತ ಅರ್ಥಧಾರಿ ಎದುರಾಳಿಯ ಮನೆಯ ಮದುವೆಗೂ ಹೋಗುವುದಿಲ್ಲ. ನಾನೇ ಒಂದೆರಡು ಮದುವೆ ಊಟ ಹಾಗೆ ಕಳೆದುಕೊಂಡಿದ್ದೇನೆ. ಇವಳು ವರ್ಷಗಟ್ಟಲೆ ಕಟ್ಟಿದ್ದನ್ನು ತನ್ನ ಕೈಯಾರೆ ಕೆಡವಿದ್ದಳು, ಮುಖದಲ್ಲಿ ಮಾತ್ರ ಕಳೆದುಹೋದ ಕರು ಸಿಕ್ಕಿದವರ ಬೆಳಕು. ತಮ್ಮ ವಿರುದ್ಧ ತಾವೇ ಇಷ್ಟು ಪ್ರಾಮಾಣಿಕವಾಗಿ ಕೂರಬಲ್ಲ ಮನುಷ್ಯರಿದ್ದಾರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆದರೆ ಆ ಬೆಳಕು ನಿಲ್ಲಲಿಲ್ಲ. ಅವಳು ಹಾಳೆ ಮಡಿಸುತ್ತ, "ಅಣ್ಣ ಈಗ ದಿನಾ ದರಗಿಗೆ ಹೋಗ್ತಿರ್ತಾನೆ" ಎಂದಳು.

ಮರುದಿನ ಬೆಳಗಿನ ಬಸ್ಸಿಗೇ ನಾವಿಬ್ಬರೂ ಹೊರಟೆವು. ಹೊಸನಗರದಲ್ಲಿ ಬಸ್ಸು ಬದಲಿಸಿ ನಿಟ್ಟೂರಿಗೆ, ಅಲ್ಲಿಂದ ಕಾಲುದಾರಿ. ನಾನು ದಾರಿಯುದ್ದಕ್ಕೂ ಧೈರ್ಯ ಹೇಳುತ್ತಿದ್ದೆ, ಅವಳು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಅವಳಣ್ಣ ಕೃಷ್ಣಪ್ಪ ದರಗಿನ ಬುಟ್ಟಿ ಹೊತ್ತು ಅಂಗಳ ದಾಟುತ್ತಿದ್ದ.

"ಏನೇ, ಹೇಳ್ದೆ ಕೇಳ್ದೆ ಬಂದ್ಯಲ್ಲೇ! ಬನ್ನಿ ಭಾವ."

"ಅಣ್ಣಾ, ಈ ವರ್ಷ ಮಂಗ ಸತ್ತಿದಾವಾ?"

"ಹೂಂ, ಕೆರೆ ಹಿಂದೆ ಒಂದು, ಗುಡ್ಡದ ಮೇಲೊಂದು. ಚೆನ್ನಾಗೇ ಮಣ್ಣು ಮಾಡಿದ್ವಿ. ಯಾಕೆ?"

ಅವನ ಮಾತಿನಲ್ಲಿ ಕರ್ತವ್ಯ ಮಾಡಿದವನ ನೆಮ್ಮದಿಯಿತ್ತು. ಸುಮಿತ್ರ ಅವನನ್ನು ಬಯ್ಯಲಿಲ್ಲ. "ಒಳ್ಳೇ ಕೆಲಸ ಮಾಡ್ದೆ. ಆದ್ರೆ ಇನ್ನು ಕಾಡಿಗೆ ಹೋಗಬ್ಯಾಡ. ಯಾರನ್ನೂ ಬಿಡಬ್ಯಾಡ" ಎಂದಳು.

"ಕೊಟ್ಟಿಗೆಗೆ ಎಂಥ ಹಾಕದು? ನಿನ್ನ ಮಿಷನ್ನು ಹೇಳ್ತಾ ಹಿಂಗಂತ?"

"ಮಿಷನ್ನು ಭಯ ಇಲ್ಲ ಅಂದಿತ್ತು ಅಣ್ಣ. ಹೋಗಬ್ಯಾಡ ಅಂತಿರೋದು ನಾನು."

ಕೃಷ್ಣಪ್ಪ ಅವಳ ಮುಖ ನೋಡಿದ. ಬುಟ್ಟಿ ಕೆಳಗಿಳಿಸಿದ.

ಅಲ್ಲಿಂದ ಸಾಗರಕ್ಕೆ ಹೋದೆವು. ಆಫೀಸಿನವರು ಹಾಳೆಗೆ ಕೈಚಾಚಿದರೆ ಇವಳು ಅದನ್ನು ಎದೆಗೊತ್ತಿಕೊಂಡು, ಇದನ್ನು ನಂಬಬೇಡಿ, ಜೀಪನ್ನು ಮೊದಲು ನಿಟ್ಟೂರಿನ ಕಡೆ ಕಳಿಸಿ ಎಂದಳು. "ಅಂದ್ರೆ ಕಂಪ್ಯೂಟರೇ ಸರಿ ಇಲ್ಲ ಅಂತೀರೇನಮ್ಮಾ?" ಎಂದರು ಅವರು, ದೇವರ ವಿಗ್ರಹಕ್ಕೇ ದೋಷ ಹೇಳಿದ ಹಾಗೆ ಗಾಬರಿಯಿಂದ. "ಕಂಪ್ಯೂಟರ್ ಸರಿ ಇದೆ ಸರ್. ನಾನು ಅದಕ್ಕೆ ಕಲಿಸಿದ್ದು ಸರಿ ಇಲ್ಲ." ಆಮೇಲೆ ಅಂಚೆ ಕಚೇರಿಗೆ ನಡೆದು, ದೆಹಲಿಯ ಪ್ರಬಂಧ ವಾಪಸು ಎಂದು ಗೈಡಿಗೆ ತಂತಿ ಕೊಟ್ಟಳು. ಅಂತೂ ಜೀಪು ನಿಟ್ಟೂರಿಗೆ ಹೋಯಿತು.

ಪದವಿ ತಡವಾಯಿತು, ಕಾದಿದ್ದ ಕೆಲಸ ಬೇರೆಯವರ ಪಾಲಾಯಿತು. ಅವಳು ಮಾಡೆಲ್ ಅನ್ನು ಬುಡದಿಂದ ಮತ್ತೆ ಕಟ್ಟಿದಳು. ಈಗ ಅದು ಭಯವಿದೆ, ಭಯವಿಲ್ಲ ಎಂಬೆರಡರ ಜೊತೆಗೆ ಮೂರನೆಯ ಉತ್ತರವನ್ನೂ ಕೊಡುತ್ತಿತ್ತು: ಗೊತ್ತಿಲ್ಲ, ಹೋಗಿ ಕೇಳಿ ಬನ್ನಿ. ಅಷ್ಟು ದೊಡ್ಡ ಯಂತ್ರ ಗೊತ್ತಿಲ್ಲ ಅನ್ನುವುದಕ್ಕೆ ಬೇಕಾ ಎಂದು ಅವಳ ಜೊತೆಯವರು ನಕ್ಕರಂತೆ. ನಾನು ನಗಲಿಲ್ಲ. ಇಡೀ ತೀರ್ಥಹಳ್ಳಿ ಪೇಟೆಯಲ್ಲಿ ಆ ಮಾತು ಬರುವ ಬಾಯಿಯನ್ನು ನಾನು ಕಂಡಿರಲಿಲ್ಲ, ನನ್ನದನ್ನೂ ಸೇರಿಸಿ. ಅವಳು ಕಬ್ಬಿಣದ ಬಾಯಿಗೆ ಅದನ್ನು ಕಲಿಸಿದ್ದಳು. ಮಾಡೆಲ್ಲುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಒಂದೇ ಪ್ರಶ್ನೆಯ ಹಿಂದೆ ಅವಳ ಆಯುಷ್ಯವೆಲ್ಲ ಹೋಯಿತು. ನೆನೆದಾಗಲೆಲ್ಲ ನನಗೆ ಈಗಲೂ ಬೆರಗು.

ಆ ಬೇಸಿಗೆ ನಿಟ್ಟೂರಿನಾಚೆ ಜ್ವರ ಬಂದೇ ಬಂತು. ಬಂದವರಲ್ಲಿ ಎಲ್ಲರೂ ಉಳಿಯಲಿಲ್ಲ, ಸೌದೆಗೆ ಹೋಗಿದ್ದ ಪಕ್ಕದ ಮನೆಯ ಮುದುಕಿ ತೀರಿಕೊಂಡಳು. ಕೃಷ್ಣಪ್ಪನ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. "ಅಣ್ಣನ ಜೀವ ಉಳಿಸಿದೆ ಕಣೇ" ಎಂದು ನಾನು ಹೇಳಿದರೆ ಸುಮಿತ್ರ, "ಗೊತ್ತಿಲ್ಲ ಭಾವ. ಹೋಗಿದ್ರೆ ಕಚ್ತಿತ್ತೋ ಇಲ್ವೋ" ಎಂದುಬಿಟ್ಟಳು. ಹೊಗಳಿಕೆಯನ್ನು ತೆಗೆದುಕೊಳ್ಳಲೂ ಬಾರದವಳೆಂದು ನನಗೆ ಸಿಟ್ಟು ಬಂದಿತ್ತು. ಆ ಮುದುಕಿಯ ಹೆಸರನ್ನು ಅವಳು ಕೊನೆಯವರೆಗೂ ಮರೆಯಲಿಲ್ಲ.

ಸೊಸೆ ಇದನ್ನೆಲ್ಲ ಕೆಲಸ ಬಿಟ್ಟು ನಿಂತು ಕೇಳಿದಳು. "ಹಾಗಾದ್ರೆ ಮಾವ, ಕೃಷ್ಣಪ್ಪ ಮಾವ ಉಳಿದಿದ್ದು ಸುಮಿತ್ರತ್ತೆಯಿಂದಲೇ ಅಲ್ವಾ?"

ಗಂಟಲು ಸರಿಮಾಡಿಕೊಂಡೆ. ಎರಡೂ ಪಕ್ಷದ ವಾದಗಳು ನಾಲಗೆಯ ತುದಿಗೆ ಬಂದು ಕುಳಿತವು. ಕಾರ್ಡು ಇನ್ನೂ ಅವಳ ಕೈಯಲ್ಲೇ ಇತ್ತು. ತೂತುಗಳಿಂದ ಬಿಸಿಲು ಬರುತ್ತಿತ್ತು. ನಾನು ತೂತಿಲ್ಲದ ಜಾಗವನ್ನು ನೋಡಿದೆ.

"ಗೊತ್ತಿಲ್ಲಮ್ಮ" ಎಂದೆ.

ಮಾತಾಡಿದ್ದು ಯಾರೆಂದು ನೋಡಲು ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.