ಕನ್ಯಾ ಲೈಟಿನ ಎದುರು ಕೂತ ವರ

ಹೋದ ವಾರ ಟಿಕೋಟಾದ ಗಂಡಸೊಬ್ಬ ನನ್ನ ಸ್ಟುಡಿಯೋಕ್ಕೆ ಬಂದು ಮೊಟ್ಟಮೊದಲು ಕೇಳಿದ್ದು ಪೌಡರು.

ತಪ್ಪೇನಿಲ್ಲ ಬಿಡಿ. ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬಿ ಇಲ್ಲದ ಸ್ಟುಡಿಯೋ ನಮ್ಮ ವಿಜಾಪುರದಲ್ಲಿ ಎಲ್ಲಿದೆ? ಆದರೆ ಜೋರಾಪುರ ಪೇಟೆಯ ನನ್ನ ಅಂಗಡಿಯಲ್ಲಿ ಆ ಡಬ್ಬಿ ಖಾಲಿ ಮಾಡುವವರು ಹೆಣ್ಣುಮಕ್ಕಳು. ಅದೂ ವರನ ಕಡೆಗೆ ಕಳಿಸುವ ಫೋಟೋಕ್ಕೆ ಕೂತವರು. ಅವರಿಗೆಂದೇ ಒಂದು ದೊಡ್ಡ ಲೈಟಿದೆ. ಅದರ ಹಿಂದೆ ಹಿಟ್ಟು ನಾದುವ ಪರಾತದಷ್ಟು ಅಗಲದ, ಫಳಫಳ ಹೊಳೆಯುವ ರಿಫ್ಲೆಕ್ಟರು. ಸ್ವಿಚ್ ಹಾಕಿದರೆ ಎದುರಿಗೆ ಕೂತವರ ಕಪ್ಪು, ಕಲೆ ಎಲ್ಲ ಮಾಯ. (ಕೆಲವು ಸಲ ಮೂಗೂ ಮಾಯ.) ಗಿರಾಕಿಗಳೇ ಅದಕ್ಕೆ ‘ಕನ್ಯಾ ಲೈಟು’ ಎಂದು ಹೆಸರಿಟ್ಟಿದ್ದಾರೆ.

ಈಚೆಗೆ ಇನ್ನೊಂದು ಲೈಟು ತರಲು ಸೊಲ್ಲಾಪುರಕ್ಕೆ ಹೋಗಿದ್ದೆ. ಅಂಗಡಿಯವ ಇನ್ನೂ ದೊಡ್ಡದೊಂದನ್ನು ತೋರಿಸಿದ. ಪಕ್ಕದಲ್ಲೇ ಒಂದು ಬಿಳಿ ಛತ್ರಿ ಬಿಚ್ಚಿಟ್ಟಿತ್ತು. ಲೈಟನ್ನು ಮುಖಕ್ಕೆ ಹಿಡಿಯದೆ ಛತ್ರಿಯ ಒಳಮೈಗೆ ಹಿಡಿಯಬೇಕಂತೆ. ಬೆಳಕು ಬಟ್ಟೆಗೆ ಬಡಿದು, ಮೆತ್ತಗಾಗಿ ತಿರುಗಿ ಬಂದು ಮುಖದ ಮೇಲೆ ಬೀಳುತ್ತದೆ. ಅಂಗಡಿಯವನನ್ನೇ ಅದರೆದುರು ನಿಲ್ಲಿಸಿ ನೋಡಿದೆ. ಕೆನ್ನೆ ಕೆನ್ನೆಯಂತೆ, ಮೂಗು ಮೂಗಿನಂತೆ ಕಂಡವು. ಮನಸೋತು ಛತ್ರಿಯನ್ನೇ ತಂದೆ. ಮಳೆಯೇ ಅಪರೂಪವಾದ ಊರಿಗೆ, ಅದೂ ಮನೆಯೊಳಗೆ ಬಿಚ್ಚಲು ಒಂದು ಛತ್ರಿ! ಹೆಂಡತಿ ನಕ್ಕು ನಕ್ಕು ಸುಸ್ತಾದಳು.

ಅದರೆದುರು ಮೊದಲು ಕೂತವಳು ಬಬಲೇಶ್ವರದ ಸಂಗಪ್ಪನವರ ಮಗಳು ಸರೋಜಾ. ಸಾದಗಪ್ಪು ಬಣ್ಣ, ಚುರುಕು ಕಣ್ಣು. ಹಿಂದೆ ಕನ್ಯಾ ಲೈಟಿನಲ್ಲಿ ತೆಗೆದ ಅವಳ ಫೋಟೋ ಮೆಚ್ಚಿ ಎರಡು ಕಡೆಯವರು ಬಂದಿದ್ದರು. ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು, ಮಂಡಕ್ಕಿ ಸೂಸಲಾ ತಿಂದು ಚಹಾ ಕುಡಿದು “ತಿಳಸ್ತೀವ್ರಿ” ಎಂದು ಹೋದರು. ಏನು ತಿಳಿಸುತ್ತಾರೆ ಎಂದು ಹೆಣ್ಣು ಹೆತ್ತವರಿಗೆ ಗೊತ್ತಿರುವುದಿಲ್ಲವೇ?

ಈ ಸಲವೂ ಸಂಗಪ್ಪನವರು, “ಆ ದೊಡ್ಡ ಲೈಟ ಹಚ್ರಿ” ಅಂದರು.

“ಬ್ಯಾಡ ಯಪ್ಪಾ,” ಅಂದಳು ಸರೋಜಾ. “ಈ ಸಲ ಬರೋರು ನನ್ನ ನೋಡಾಕ ಬರ್ಲಿ. ಮತ್ತ ಆ ಹುಡುಗನ ಫೋಟೋನೂ ತರಸು.”

ವರನ ಫೋಟೋ! ಯಾರಾದರೂ ಕೇಳಿಸಿಕೊಂಡರೇನೋ ಎಂದು ಸಂಗಪ್ಪನವರು ಬಾಗಿಲ ಕಡೆ ನೋಡಿದರು. ಆದರೂ ಮಗಳ ಮಾತು ನಡೆಸಿದರು.

ಹಾಗೆ ಫೋಟೋಕ್ಕೆ ಬಂದವನೇ ಈ ಪೌಡರಿನ ವರ, ಈರಣ್ಣ. ಜೊತೆಗೆ ಅವನ ಅಪ್ಪ. ಸರೋಜಾಳ ಫೋಟೋದ ಹಿಂದಿದ್ದ ನನ್ನ ಸ್ಟುಡಿಯೋದ ಹೆಸರಿನ ಶಿಕ್ಕಾ, ಅಂದರೆ ಮೊಹರು ನೋಡಿ ಹುಡುಕಿಕೊಂಡು ಬಂದಿದ್ದರು.

“ಹುಡುಗಿ ಸ್ವಲ್ಪ ಕಪ್ಪದಾಳ. ಇರ್ಲಿ, ನಾವೇನ್ ಬಣ್ಣಾ ನೋಡೋ ಮಂದಿ ಅಲ್ಲ,” ಅಂದರು ಅಪ್ಪ. ಅದೇ ಉಸಿರಿನಲ್ಲಿ, “ನಮ್ಮ ಹುಡುಗನ್ನ ಮಾತ್ರ ಬೆಳ್ಳಗ ತಗೀರಿ.”

ಈರಣ್ಣ ಸರೋಜಾಳಿಗಿಂತ ಒಂದು ಕೈ ಹೆಚ್ಚೇ ಕಪ್ಪು. ನಾನು ಛತ್ರಿ ಬಿಚ್ಚಿದೆ.

“ಅದ್ಯಾಕ್ರಿ, ಮನಿಯಾಗ ಮಳಿ ಬರತೈತೇನು? ಆ ದೊಡ್ಡದನ್ನ ಹಚ್ರಿ!” ಅಂದರು ಅಪ್ಪ.

ಹಚ್ಚಿದೆ. ಗಿರಾಕಿಯೇ ದೇವರು ತಾನೇ? ಈರಣ್ಣ ಬೆವೆತ. ಪೌಡರು ಕೆನ್ನೆಯಿಂದ ಇಳಿಯಿತು. ಮತ್ತೆ ಬಳಿದುಕೊಂಡ. ಫೋಟೋದಲ್ಲಿ ಸುಣ್ಣದ ಗೋಡೆಗೆ ಮೀಸೆ ಅಂಟಿಸಿದಂತೆ ಬಂದ. ಅಪ್ಪನಿಗೆ ಸಂತೋಷವೋ ಸಂತೋಷ.

ಮೊನ್ನೆ ಬಬಲೇಶ್ವರದಲ್ಲಿ ಕನ್ಯಾ ನೋಡುವ ಕಾರ್ಯಕ್ರಮ. ಅಲ್ಲಿ ನಡೆದದ್ದನ್ನು ಸಂಗಪ್ಪನವರೇ ನನ್ನ ಬೆಂಚಿನ ಮೇಲೆ ತಲೆ ಹಿಡಿದು ಕೂತು ಹೇಳಿದರು. ಸರೋಜಾ ಚಹಾದ ತಾಟು ಇಟ್ಟಳಂತೆ. ಈರಣ್ಣನನ್ನು ನೋಡಿದಳಂತೆ. ಬಾಗಿಲಾಚೆ ಇಣುಕಿದಳಂತೆ. ಆಮೇಲೆ ಎಲ್ಲರೆದುರು ಕೇಳಿದಳಂತೆ:

“ಯಪ್ಪಾ, ಫೋಟೋದಾಗಿನವ್ರು ಹಿಂದಿನ ಬಸ್ಸಿಗೆ ಬರಾಕತ್ತಾರೇನು?”

ಟಿಕೋಟಾದ ಹಿರಿಯರು ಚಹಾ ಬಿಟ್ಟು ಎದ್ದರು. “ಎಂಥಾ ಬಾಯಿ ಐತ್ರಿ ನಿಮ್ಮ ಮಗಳದು!” (ಇದೇ ಪ್ರಶ್ನೆಯನ್ನು ಬಾಯಿ ಬಿಡದೆ ಕೇಳಿ ಎದ್ದುಹೋದ ಗಂಡಿನ ಕಡೆಯವರನ್ನು ನಾವು ಸಂಭಾವಿತರು ಎನ್ನುತ್ತೇವೆ.)

“ಇದೂ ಮುರೀತ್ರಿ,” ಎಂದು ಸಂಗಪ್ಪನವರು ಕಣ್ಣೊರೆಸಿಕೊಂಡರು. ನಾನು ಮೂಲೆಯಲ್ಲಿದ್ದ ಛತ್ರಿಯ ಕಡೆ ನೋಡಿದೆ. ಅದರ ಬದಲು ಸೊಲ್ಲಾಪುರದ ಆ ದೊಡ್ಡ ಲೈಟನ್ನೇ ತಂದಿದ್ದರೆ ಈ ಹುಡುಗಿ ಸುಮ್ಮನೆ ಬೆಳ್ಳಗಾಗಿ, ಸುಮ್ಮನೆ ಇರುತ್ತಿದ್ದಳೇನೋ?

ನಿನ್ನೆ ಈರಣ್ಣ ಮತ್ತೆ ಬಂದ. ಒಬ್ಬನೇ, ಅಪ್ಪನಿಗೆ ಹೇಳದೆ. ಪೌಡರಿನ ಡಬ್ಬಿ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದ.

“ಛತ್ರಿ ಬಿಚ್ರಿ. ಇದ್ದಂಗ ತಗೀರಿ. ಅಕಿ ಮ್ಯಾಲ ಸಿಟ್ಟಿಲ್ರಿ ನನಗ. ಆ ಫೋಟೋ ನೋಡಿ ನನಗೂ ನಗಿ ಬಂದಿತ್ತು. ಇದನ್ನ ಅಕಿಗೆ ಮುಟ್ಟಸ್ರಿ.”

ತೆಗೆದೆ. ಚೆಂದ ಬಂದಿದ್ದಾನೆ, ಗಲ್ಲದ ಮೇಲಿನ ಹಳೆಯ ಗಾಯದ ಗುರುತು ಸಮೇತ. ಫೋಟೋ ಸಂಗಪ್ಪನವರ ಕೈಗೆ ನಾನೇ ಕೊಡಲಿದ್ದೇನೆ.

ಹೋಗುವಾಗ ಈರಣ್ಣ ಬಾಗಿಲಲ್ಲಿ ನಿಂತ. ಅಂಗಿಯ ತುದಿ ತಿರುವುತ್ತ ಕೇಳಿದ: “ಅಕಿ ಹೂಂ ಅಂತಾಳೇನ್ರಿ?”

ಇಷ್ಟು ವರ್ಷ ಇದೇ ಬಾಗಿಲಲ್ಲಿ ಹೆಣ್ಣಿನ ಅಪ್ಪಂದಿರು ಕೇಳುತ್ತಿದ್ದ ಪ್ರಶ್ನೆ. ಗಂಡಿನ ಮುಖಕ್ಕೆ ಅದು ಎಷ್ಟು ಚೆಂದ ಒಪ್ಪುತ್ತದೆ ಅಂತೀರಿ!